ಹಳೆ ಇಂಗ್ಲಿಷ್ ಕ್ರಿಯಾಪದಗಳ ನೋಟ್‌ಬುಕ್: ವೆಯೊರ್ಥನ್ ಪುಟ ಮುಗೀತು

ಈ ವಾರ ವೆಯೊರ್ಥನ್ ಪುಟ ಪೂರ್ತಿ ಆಯ್ತು. ಸಾವಿರ ವರ್ಷದ ಹಿಂದಿನ ಇಂಗ್ಲಿಷಲ್ಲಿ 'ಆಗು' ಅನ್ನೋಕೆ ಬಳಸ್ತಿದ್ದ ಕ್ರಿಯಾಪದ ಇದು, ಜರ್ಮನ್ ಕಲಿತವ್ರಿಗೆ ವೆರ್ಡೆನ್ ಗೊತ್ತಿರುತ್ತಲ್ಲ, ಅದರ ಒಡಹುಟ್ಟು. ಜರ್ಮನ್‌ನಲ್ಲಿ ಅದು ಇವತ್ತಿಗೂ ದಿನಬಳಕೆ ಪದ, ಇಂಗ್ಲಿಷಲ್ಲಿ ಮಾತ್ರ ಮರೆಯಾಗಿ, ಮೊದಲು 'ಬಂದು ಸೇರು' ಅನ್ನೋ ಅರ್ಥ ಇದ್ದ ಬಿಕಮ್ ಅದರ ಜಾಗ ಹಿಡೀತು. 1611ರ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ, ಯೆಹೆಜ್ಕೇಲನ 30ನೇ ಅಧ್ಯಾಯದಲ್ಲಿ 'ವೋ ವರ್ತ್ ದ ಡೇ' ಅಂತ ಬರುತ್ತೆ, ಅಲ್ಲಿರೋ ವರ್ತ್ ಬೆಲೆಯ ವರ್ತ್ ಅಲ್ಲ, ಇದೇ ಕ್ರಿಯಾಪದ, 'ಆ ದಿನಕ್ಕೆ ಕೇಡಾಗಲಿ' ಅಂತ ಅರ್ಥ.

ಬೇರಿಗೆ ಹೋದ್ರೆ ಮೂಲ ಅರ್ಥ 'ತಿರುಗು'. ಲ್ಯಾಟಿನ್‌ನ ವೆರ್ಟೆರೆ ಅದೇ, ಸಂಸ್ಕೃತದ ವೃತ್ ಧಾತುನೂ ಅದೇ, ಅಂದ್ರೆ ನಮ್ಮ ವರ್ತನೆ, ವರ್ತಮಾನ, ಪರಿವರ್ತನೆ, ಆಫೀಸಲ್ಲಿ ಹಾರ ಹಾಕಿ ಕಳಿಸೋ ನಿವೃತ್ತಿ ಎಲ್ಲಾ ಒಂದೇ ಬೇರಿನವು. ಇಂಗ್ಲಿಷ್‌ನವರು ಕ್ರಿಯಾಪದ ಕಳ್ಕೊಂಡ್ರೂ ಫಾರ್ವರ್ಡ್ ಪದದ 'ವರ್ಡ್'ನಲ್ಲಿ, 'ವಿಧಿ' ಅನ್ನೋ ಅರ್ಥದ ವಿರ್ಡ್‌ನಿಂದ ಬಂದ ವಿಯರ್ಡ್‌ನಲ್ಲಿ ಈ ಬೇರು ಉಳ್ಕೊಂಡಿದೆ. ಮ್ಯಾಕ್‌ಬೆತ್‌ನ ವಿಯರ್ಡ್ ಸಿಸ್ಟರ್ಸ್ ಅಂದ್ರೆ ವಿಚಿತ್ರ ಹೆಂಗಸರು ಅಂತ ಓದ್ಕೋಬಾರ್ದು, ವಿಧಿ ಬಲ್ಲ ಹೆಂಗಸರು.

ನಂಗೆ ತುಂಬಾ ಹೊತ್ತು ಹಿಡಿದಿದ್ದು ರೂಪಗಳ ಪಟ್ಟಿ, ಆದ್ರೆ ಅಲ್ಲೇ ನಿಜವಾದ ಸೊಗಸು ಇರೋದು. ವೆಯೊರ್ಥನ್ (ಆಗು), ವೆಯರ್ಥ್ (ಆದ), ಆಮೇಲೆ ಇದ್ದಕ್ಕಿದ್ದಂತೆ ವುರ್ದೊನ್ (ಆದರು), ವೊರ್ದೆನ್ (ಆಗಿರುವ). ಮೊದಲೆರಡರಲ್ಲಿ ಇಂಗ್ಲಿಷಿನ 'th' ಥರದ ಥ, ಬಹುವಚನದ ಭೂತಕಾಲ ಮತ್ತು ಕೃದಂತಕ್ಕೆ ಬಂದ್ರೆ ದ. ಈ ಗಂಟನ್ನ 1875ರಲ್ಲಿ ಬಿಡಿಸಿದ್ದು ಡೆನ್ಮಾರ್ಕಿನ ಭಾಷಾವಿಜ್ಞಾನಿ ಕಾರ್ಲ್ ವರ್ನರ್, ಅದೂ ವೇದದ ಸ್ವರಗಳನ್ನ (ಅಂದ್ರೆ ಪಠಿಸುವಾಗಿನ ದನಿಯ ಏರಿಳಿತ) ಪಕ್ಕದಲ್ಲಿಟ್ಕೊಂಡು! ವರ್ತತೇ ಅನ್ನುವಾಗ ಉದಾತ್ತ, ಅಂದ್ರೆ ಏರುದನಿ, ಧಾತುವಿನ ಮೇಲೆ, ವೃತ್ತ ಅನ್ನುವಾಗ ಕೊನೆ ಅಕ್ಷರದ ಮೇಲೆ. ಇಂಗ್ಲಿಷ್, ಜರ್ಮನ್ ಎರಡಕ್ಕೂ ಮೂಲವಾದ ಹಳೇ ಜರ್ಮಾನಿಕ್‌ನಲ್ಲೂ ಸ್ವರ ಹೀಗೇ ಜಾಗ ಬದಲಿಸ್ತಿತ್ತು, ಧಾತುವಿನ ಮೇಲೆ ಇದ್ದಾಗ ಥ ಹಾಗೇ ಉಳೀತು, ಮುಂದೆ ಸರಿದಾಗ ಮೆತ್ತಗಾಗಿ ಕೊನೆಗೆ ದ ಆಯ್ತು. ಆಮೇಲೆ ಸ್ವರ ಮೊದಲ ಅಕ್ಷರಕ್ಕೇ ನಿಂತುಬಿಡ್ತು, ಗುರುತು ಮಾತ್ರ ವ್ಯಂಜನದಲ್ಲಿ ಉಳೀತು. ವೇದಪಾಠ ಕೇಳಿ ಬೆಳೆದವ್ರಿಗೆ ಇದನ್ನ ಕಿವಿಯಲ್ಲೇ ಅರ್ಥ ಮಾಡಿಸಬಹುದು ಅನ್ನೋದು ನನ್ನ ನಂಬಿಕೆ, ಅದಕ್ಕೇ ಎರಡೂ ರೂಪನ ಸ್ವರದ ಗುರುತು ಹಾಕಿ ಎದುರುಬದುರು ಬರೆದಿಟ್ಟಿದೀನಿ.

ಮುಂದಿನ ಪುಟ ಬೆಯೊನ್, ಅಂದ್ರೆ 'ಇರು' ಅನ್ನೋ ಅರ್ಥದ ಇವತ್ತಿನ 'ಬಿ'. ಸಂಸ್ಕೃತದ ಭೂ ಧಾತುವಿನ ನೆಂಟ, ಹಳೆ ಇಂಗ್ಲಿಷಲ್ಲಿ ಭವಿಷ್ಯ ಹೇಳೋಕೂ ಇದನ್ನೇ ಬಳಸ್ತಿದ್ರು, ಉದಾಹರಣೆ ವಾಕ್ಯ ಕೂಡಿಸ್ತಾ ಇದೀನಿ.