ಶಾಸನವಿಲ್ಲದ ನಾಡಿನ ಕಿವಿಕೋಸ್ಕಿ

1112ರಲ್ಲಿ ನಮ್ಮ ಇಟಗಿಯಲ್ಲಿ ಮಹಾದೇವ ಗುಡಿ ಎದ್ದಿತು. ಕಟ್ಟಿಸಿದವರು ಯಾರು, ಆಗಿನ ಅರಸ ಯಾರು, ಎಲ್ಲಾ ಕಲ್ಲಿನ ಮೇಲೆ ಚೊಕ್ಕವಾಗಿ ಬರೆಸಿಟ್ಟಿದ್ದಾರೆ. ಅದೇ ಹೊತ್ತಿಗೆ ಫಿನ್‌ಲ್ಯಾಂಡಿನಲ್ಲಿ ಇನ್ನೂ ಕಬ್ಬಿಣ ಯುಗ ನಡೀತಿತ್ತು. ಹಂಗಂತ ಅಲ್ಲಿನವರು ಪೆದ್ದರಲ್ಲ. ಒಳ್ಳೊಳ್ಳೆ ಕತ್ತಿ ಇದ್ದವು, ಕಂಚಿನ ಒಡವೆ ಇದ್ದವು, ದೂರದ ಊರುಗಳ ಜೊತೆ ವ್ಯಾಪಾರ ಇತ್ತು. ಬರೆದಿಟ್ಟವರು ಮಾತ್ರ ಯಾರೂ ಇರಲಿಲ್ಲ. ಹಾಗಾಗಿ ಆ ನಾಡಿನ ಹಳೇ ಕಥೆ ಬೇಕು ಅಂದ್ರೆ ಗೋರಿಗಳನ್ನೇ ಕೇಳಬೇಕು. ಆ ಕೆಲಸಕ್ಕೆ ಜೀವನವಿಡೀ ಕೂತವರು ಅಲ್ಲಿನ ಪುರಾತತ್ವ ತಜ್ಞೆ ಎಲ್ಲಾ (Ella) ಕಿವಿಕೋಸ್ಕಿ.

ಹುಟ್ಟಿದ್ದು 1901ರಲ್ಲಿ, ತಮ್ಮೆಲಾ ಅನ್ನೋ ಊರಲ್ಲಿ. ಪುರಾತತ್ವದ ದೊಡ್ಡ ಹೆಸರು ಟಾಲ್‌ಗ್ರೆನ್ ಅವರ ಶಿಷ್ಯೆ. ಔರಾ ನದಿ ದಂಡೆಯ ಕಬ್ಬಿಣ ಯುಗದ ಮೇಲೆ ಬರೆದು 1939ರಲ್ಲಿ ಡಾಕ್ಟರೇಟ್ ಪಡೆದರು. ಪುರಾತತ್ವದಲ್ಲಿ ಡಾಕ್ಟರೇಟ್ ಪಡೆದ ಮೊದಲ ಫಿನ್ನಿಶ್ ಹೆಣ್ಣುಮಗಳು ಇವರೇ. ಅದೇ ನವೆಂಬರಿನಲ್ಲಿ ಸೋವಿಯತ್ ಸೇನೆ ದೇಶದ ಮೇಲೆ ಬಿತ್ತು. ಯುದ್ಧ ಎಲ್ಲಾ ಮುಗಿದ ಮೇಲೆ, 1948ರಲ್ಲಿ, ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಗುರುಗಳು ಕೂತಿದ್ದ ಕುರ್ಚಿಯೇ ಇವರಿಗೆ ಸಿಕ್ಕಿತು. 1969ರವರೆಗೆ ಅಲ್ಲೇ ಪ್ರೊಫೆಸರ್. ತೀರಿಕೊಂಡಿದ್ದು 1990ರಲ್ಲಿ.

ನನಗೆ ಬಹಳ ಹಿಡಿಸಿದ್ದು ಮಣ್ಣಿನ ಪಂಜಗಳ ವಿಷಯ. ಓಲಾಂಡ್ ಅಂತ ದ್ವೀಪಗಳಿವೆ, ಫಿನ್‌ಲ್ಯಾಂಡ್-ಸ್ವೀಡನ್ ನಡುವೆ. ಅಲ್ಲಿನ ಹಳೇ ಗೋರಿಗಳಲ್ಲಿ ಹೆಣ ಸುಟ್ಟ ಎಲುಬಿನ ಜೊತೆ ಪ್ರಾಣಿಯ ಪಂಜದ ಥರ ಮಾಡಿದ ಸುಟ್ಟ ಮಣ್ಣಿನ ಸಣ್ಣ ತುಂಡುಗಳು ಸಿಗುತ್ತವೆ. ಬೀವರ್ ಅನ್ನೋ ನೀರಿನ ಪ್ರಾಣಿದೋ ಕರಡಿದೋ ಅನ್ನೋ ವಾದ ಇನ್ನೂ ಇದೆ. ಮಜಾ ಏನಂದ್ರೆ, ಇಂಥವೇ ಪಂಜಗಳು ಎಲ್ಲೋ ದೂರದ ರಷ್ಯಾದ ವೋಲ್ಗಾ ನದಿ ಕಡೆಯ ಗೋರಿಗಳಲ್ಲೂ ಇವೆ! ಕಿವಿಕೋಸ್ಕಿ 1934ರಲ್ಲೇ ಈ ಪಂಜಗಳ ಬಗ್ಗೆ ಬರೆದರು, 1963ರಲ್ಲಿ ಓಲಾಂಡಿನ ಕ್ವಾರ್ನ್‌ಬಾಕೆನ್ ಸ್ಮಶಾನದ ಮೇಲೆ ಇಡೀ ಪುಸ್ತಕವನ್ನೇ ತಂದರು.

ಆದರೆ ಅವರ ದೊಡ್ಡ ಕೆಲಸ ಅಗೆದದ್ದಲ್ಲ, ಜೋಡಿಸಿದ್ದು ಅಂತ ನನ್ನ ಅನಿಸಿಕೆ. ಫಿನ್‌ಲ್ಯಾಂಡಿನ ಮಣ್ಣಿನಲ್ಲಿ ಹುಳಿ (ಆಮ್ಲ) ಜಾಸ್ತಿ, ಸುಡದ ಎಲುಬು ಉಳಿಯೋದೇ ಕಷ್ಟ. ಎಷ್ಟೋ ಕಡೆ ಹೆಣ ಸುಟ್ಟು, ಬೂದಿ, ಎಲುಬು, ಮುರಿದ ಒಡವೆ ಎಲ್ಲಾ ಕಲ್ಲುಗಳ ನಡುವೆ ಚೆಲ್ಲಿಬಿಡ್ತಿದ್ರು, ಯಾವುದು ಯಾರದ್ದು ಅಂತ ಹೇಳೋಕೇ ಆಗಲ್ಲ. ಅಲ್ಲಿ ಕಾಲ ಹೇಳಬೇಕಾದ್ದು ಸೆರಗಿನ ಪಿನ್ನಿನ ಆಕಾರ, ಭರ್ಜಿಯ ಮೊನೆ. ಈ ಸಾಮಾನನ್ನೆಲ್ಲಾ ಶತಮಾನದ ಪ್ರಕಾರ ವಿಂಗಡಿಸಿ 1947 ಮತ್ತು 1951ರಲ್ಲಿ ಎರಡು ಭಾಗ ಚಿತ್ರಸಂಪುಟ ಮಾಡಿದರು, 1973ರಲ್ಲಿ ಮತ್ತೆ ಹೊಸದಾಗಿ ತಂದರು. ಬೇಸರದ ಕೆಲಸ ಅನಿಸಬಹುದು, ಆದ್ರೆ ಆಮೇಲೆ ಅಗೆದವರೆಲ್ಲಾ ಅದನ್ನು ತೆರೆಯಲೇಬೇಕು, ಅಲ್ವಾ?

ನಮ್ಮ ಕಡೆ ಶಾಸನ ಜಾಸ್ತಿ. ಮಸ್ಕಿ, ಗವಿಮಠ, ಪಾಲ್ಕಿಗುಂಡು ಅಂದ್ರೆ ಅಶೋಕ ಬರೆಸಿದ ಅಕ್ಷರ ಅಂತ ಎಲ್ರೂ ಖುಷಿಪಡ್ತಾರೆ. ಹಿರೇಬೆಣಕಲ್ ಗುಡ್ಡದ ಕಲ್ಲುಗೋರಿಗಳ ಮೇಲೆ ಒಂದಕ್ಷರ ಇಲ್ಲ, ಹಾಗಾಗಿ ಮೋರ್ಯರ ಮನೆ ಅಂತ ಒಂದು ಫೋಟೋ ತೆಗೆದು ಇಳಿದುಬಿಡ್ತೀವಿ. ಒಳಗೆ ಕಪ್ಪು, ಹೊರಗೆ ಕೆಂಪು ಇರೋ ಆ ಕಾಲದ ಮಡಿಕೆ ಚೂರುಗಳನ್ನು ಫೋಟೋ ಸಮೇತ, ಕಾಲದ ಸಮೇತ ತೋರಿಸೋ ಒಂದು ಕನ್ನಡ ಪುಸ್ತಕ ಗಂಗಾವತಿ ಸುತ್ತಲಿನ ಪ್ರತಿ ಹೈಸ್ಕೂಲಿನಲ್ಲೂ ಇರಬೇಕು. ಹೊಲದಲ್ಲಿ ಚೂರು ಸಿಕ್ಕ ಹುಡುಗಿ ಅದನ್ನು ಬದುವಿಗೆ ಎಸೆಯೋ ಮುಂಚೆ ಒಂದ್ಸಲ ಪುಟ ತಿರುವಿ ನೋಡ್ತಾಳೆ.