ಕಾಶಿಯಿಂದ ಬರುವಾಗ ನಾಗಪುರದಲ್ಲಿ

ಅಪ್ಪ ತೀರಿಕೊಂಡು ವರ್ಷ ತುಂಬಿದ ಮೇಲೆ ಅಮ್ಮ ಕೇಳಿದ್ದು ಒಂದೇ, ಕಾಶಿಗೆ ಕರ್ಕೊಂಡು ಹೋಗು ಅಂತ. ಏಪ್ರಿಲ್‌ನಲ್ಲಿ ಹೊರಟೆವು. ಬಿಸಿಲು ಜಾಸ್ತಿ, ಈಗ ಬೇಡ ಅಂತ ಎಲ್ಲರೂ ಹೇಳಿದರು. ಆದರೆ ನನಗೆ ರಜೆ ಸಿಕ್ಕಿದ್ದೇ ಆಗ.

ಹನುಮಾನ್ ಘಾಟ್ ಹತ್ತಿರ ನಾಲ್ಕು ದಿನ ಇದ್ದೆವು. ದಕ್ಷಿಣದವರು ಜಾಸ್ತಿ ಇಳಿದುಕೊಳ್ಳುವ ಜಾಗ ಅದು. ಪಕ್ಕದಲ್ಲೇ ಕರ್ನಾಟಕ ಘಾಟ್ ಇದೆ. ಬೆಳಗಿನ ಜಾವ ಮೆಟ್ಟಿಲ ಮೇಲೆ ಕೂತರೆ ಆಗಾಗ ಕನ್ನಡ ಕಿವಿಗೆ ಬೀಳುತ್ತಿತ್ತು. ಕಾಶಿಯಲ್ಲಿ ಇಷ್ಟವಾದದ್ದು ಏನಾದರೂ ಬಿಟ್ಟು ಬರಬೇಕು ಅಂತಾರಲ್ಲ, ಅಮ್ಮ ಹಲಸಿನ ಹಣ್ಣು ಬಿಟ್ಟಳು. ಅದು ಅಪ್ಪನಿಗೂ ಇಷ್ಟದ ಹಣ್ಣು.

ವಾಪಸ್ ಬರುವಾಗ ಗಂಗೆಯ ಗಿಂಡಿಗಳು ದೊಡ್ಡ ಸೂಟ್‌ಕೇಸಿನಲ್ಲಿ ಹೋದವು. ಹಿತ್ತಾಳೆಯ ಪುಟ್ಟ ಅನ್ನಪೂರ್ಣೆ, ನೆಂಟರಿಗೆಲ್ಲ ಹಂಚಲು ತಂದ ಕಾಶಿದಾರ, ಅಮ್ಮನ ಮಾತ್ರೆಗಳು ಒಂದು ಬಟ್ಟೆಯ ಚೀಲದಲ್ಲಿ. ಆ ಚೀಲವನ್ನು ಅಮ್ಮ ಯಾರ ಕೈಗೂ ಕೊಡಲಿಲ್ಲ. ಬಾಬತ್‌ಪುರದಲ್ಲಿ ಬೆಂಗಳೂರಿನ ವಿಮಾನ ಹತ್ತಿದೆವು. ನಮ್ಮದು 23ನೇ ಸಾಲು. ಗಗನಸಖಿ ಬಾಗಿಲುಗಳನ್ನು ತೋರಿಸುತ್ತಿದ್ದಾಗ ನಾನು ಮೊಬೈಲ್ ನೋಡುತ್ತಿದ್ದೆ. ಅದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ.

ಹೊರಟು ಒಂದು ಗಂಟೆ ಆಗಿರಬೇಕು. ವಿಮಾನ ಇದ್ದಕ್ಕಿದ್ದಂತೆ ಕೆಳಗಿಳಿಯತೊಡಗಿತು. ಕಿವಿ ಕಟ್ಟಿಕೊಂಡಿತು. ಕ್ಯಾಪ್ಟನ್ ಧ್ವನಿ ಬಂತು. ಕೆಳಗೆ ಲಗೇಜ್ ಇರುವ ಜಾಗದಿಂದ ಬೆಂಕಿಯ ಎಚ್ಚರಿಕೆ ಬಂದಿದೆ, ನಾಗಪುರದಲ್ಲಿ ಇಳಿಯುತ್ತೇವೆ ಅಂದರು. ಅಷ್ಟೇ. ಧ್ವನಿಯಲ್ಲಿ ಗಾಬರಿ ಇರಲಿಲ್ಲ.

"ಏನಂದ್ರು?" ಅಂತ ಅಮ್ಮ ಕೇಳಿದಳು. ನಾನು ಸುಳ್ಳು ಹೇಳಲಿಲ್ಲ. ಅವಳು ನನ್ನ ಕೈ ಹಿಡಿದುಕೊಂಡು ಕಣ್ಣು ಮುಚ್ಚಿದಳು. ತುಟಿ ಮಾತ್ರ ಅಲ್ಲಾಡುತ್ತಿತ್ತು.

ಆ ಲಗೇಜ್ ಜಾಗಕ್ಕೆ ಹಾರುವಾಗ ಯಾರೂ ಹೋಗಿ ನೋಡುವಂತಿಲ್ಲ. ಅಲ್ಲಿ ಹೊಗೆ ಪತ್ತೆ ಮಾಡುವ ಸಾಧನ ಇರುತ್ತದೆ. ಅದು ಕೂಗಿದರೆ ಪೈಲಟ್ ಒಂದು ಗುಂಡಿ ಒತ್ತಿ ಬೆಂಕಿ ಅಡಗಿಸುವ ಹ್ಯಾಲಾನ್ ಅನಿಲ ಬಿಡುತ್ತಾರೆ. ಆಮೇಲೆ ಹತ್ತಿರದ ನಿಲ್ದಾಣ ಹುಡುಕುತ್ತಾರೆ. ತೇವ, ಧೂಳಿಗೂ ಆ ಸಾಧನ ಕೂಗುವುದುಂಟು. ಆದರೆ ಸುಳ್ಳೇ ಇರಬಹುದು ಅಂತ ಹಾರುತ್ತಾ ಇರಲು ಆಗುತ್ತಾ?

ಚಕ್ರ ನೆಲ ಮುಟ್ಟಿದಾಗ ಒಂದಿಬ್ಬರು ಚಪ್ಪಾಳೆ ತಟ್ಟಿದರು. ವಿಮಾನ ರನ್‌ವೇ ಮೇಲೆಯೇ ನಿಂತಿತು. ಕಿಟಕಿಯಾಚೆ ಫೈರ್ ಇಂಜಿನ್‌ಗಳು ಓಡಿ ಬರುತ್ತಿದ್ದವು. ಎಂಜಿನ್ ಸದ್ದು ನಿಂತಿತು. ಮರುಕ್ಷಣ ಇಳಿಯಿರಿ ಅನ್ನುವ ಆಜ್ಞೆ ಬಂತು. ಅಷ್ಟು ಹೊತ್ತು ಮೆಲ್ಲಗೆ ಮಾತಾಡುತ್ತಿದ್ದ ಗಗನಸಖಿಯರು ಗಂಟಲು ಹರಿಯುವ ಹಾಗೆ ಕೂಗತೊಡಗಿದರು. "ಸಾಮಾನ್ ಛೋಡಿಯೇ! ಜಲ್ದಿ!"

ನಮ್ಮ ಹಿಂದಿನ ಸಾಲಿನವರೊಬ್ಬರು ಮೇಲಿನ ಪೆಟ್ಟಿಗೆ ತೆರೆದು ಬ್ಯಾಗ್ ಎಳೆಯುತ್ತಿದ್ದರು. ಅದು ಸಿಕ್ಕಿಹಾಕಿಕೊಂಡಿತ್ತು. ದಾರಿಗೆ ಅಡ್ಡ ನಿಂತಿದ್ದರು. ಅವರನ್ನು ದಾಟಲು ಆಗದೆ ನಾವೆಲ್ಲ ನಿಂತೆವು. ಎಷ್ಟು ಸೆಕೆಂಡೋ. ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ಒಬ್ಬ ಹುಡುಗ ಅವರ ಭುಜ ಹಿಡಿದು ಸೀಟಿನ ಕಡೆ ಸರಿಸಿದ.

ಅಮ್ಮನ ಕಡೆ ತಿರುಗಿದೆ. ಕೈ ಖಾಲಿ ಇತ್ತು. "ಚೀಲ?" ಅಂದೆ, ಯಾಕೆ ಕೇಳಿದೆನೋ. "ಇರ್ಲಿ ಬಿಡೇ, ನಡಿ" ಅಂದಳು.

ಬಾಗಿಲಲ್ಲಿ ನಿಂತಾಗ ಮಾತ್ರ ಅವಳು ಹೆದರಿದಳು. ಗಾಳಿ ತುಂಬಿದ ಆ ಜಾರುಬಂಡೆ ಮೇಲಿನಿಂದ ನೋಡಿದರೆ ಗೋಡೆಯ ಹಾಗೆ ನೆಟ್ಟಗೆ ಕಾಣುತ್ತದೆ. ಅಮ್ಮನಿಗೆ ಮಂಡಿ ನೋವು ಬೇರೆ. ಗಗನಸಖಿ ಕಾಯಲಿಲ್ಲ, ಬೆನ್ನಿಗೆ ಕೈ ಕೊಟ್ಟು ತಳ್ಳಿಯೇ ಬಿಟ್ಟಳು. ಹಿಂದೆಯೇ ನಾನು. ಮೊಣಕೈ ತರಚಿತು. ಅಮ್ಮನ ಒಂದು ಚಪ್ಪಲಿ ಎಲ್ಲಿ ಹೋಯಿತೋ. ಕಾದ ಕಾವಲಿಯಂಥ ರನ್‌ವೇ ಮೇಲೆ ನನ್ನ ಚಪ್ಪಲಿ ಅವಳಿಗೆ ಕೊಟ್ಟು, ಒಣಹುಲ್ಲಿನ ತನಕ ಬರಿಗಾಲಲ್ಲಿ ಓಡಿದೆ. ದೂರ ಹೋಗಿ ಕೂತ ಮೇಲೆ ಅಮ್ಮ ಅಳತೊಡಗಿದಳು.

ಟರ್ಮಿನಲ್‌ನಲ್ಲಿ ಆರು ಗಂಟೆ ಕಾದೆವು. ಇಳಿದ ಮೇಲೂ ಎಚ್ಚರಿಕೆಯ ದೀಪ ಆರಿರಲಿಲ್ಲ, ಅದಕ್ಕೇ ಇಳಿಸಿದ್ದು ಅಂತ ಸಿಬ್ಬಂದಿ ಹೇಳಿದರು. ಪರೀಕ್ಷೆ ಮಾಡಿದಾಗ ಬೆಂಕಿ ಇರಲಿಲ್ಲ. ಸುಮ್ನೆ ಓಡಿಸಿದರು ಅಂತ ಕೆಲವರು ಜಗಳ ತೆಗೆದರು. ನನಗೆ ಹಾಗನ್ನಿಸಲಿಲ್ಲ. 1980ರಲ್ಲಿ ರಿಯಾದ್‌ನಲ್ಲಿ ಬೆಂಕಿ ಹತ್ತಿದ ಸೌದಿಯಾ ವಿಮಾನ ಸರಿಯಾಗಿಯೇ ನೆಲ ಮುಟ್ಟಿತ್ತು. ತಕ್ಷಣ ನಿಲ್ಲಿಸಿ ಜನರನ್ನು ಇಳಿಸಲಿಲ್ಲ. ಒಳಗಿದ್ದ 301 ಜನರೂ ಹೋದರು. ನೆಲ ಮುಟ್ಟಿದ ಮೇಲೂ!

ಅರ್ಧದಷ್ಟು ಬಾಗಿಲು ಮಾತ್ರ ಬಳಸಿ 90 ಸೆಕೆಂಡಿನಲ್ಲಿ ಎಲ್ಲರೂ ಹೊರಬರಲು ಆಗಬೇಕು ಅನ್ನುವುದು ದೊಡ್ಡ ವಿಮಾನಗಳಿಗಿರುವ ನಿಯಮ. ಆ ಲೆಕ್ಕದಲ್ಲಿ ಬ್ಯಾಗ್ ಎಳೆಯುವ ಹೊತ್ತು ಸೇರಿಲ್ಲ. 2016ರ ಆಗಸ್ಟ್‌ನಲ್ಲಿ ತಿರುವನಂತಪುರದಿಂದ ಹೋದ ವಿಮಾನ ದುಬೈನಲ್ಲಿ ಹೊತ್ತಿ ಉರಿಯಿತು. ಒಳಗಿದ್ದ 300 ಜನ ಬದುಕಿದರು, ಒಬ್ಬ ಅಗ್ನಿಶಾಮಕ ಸಿಬ್ಬಂದಿ ಸತ್ತ. ಹೊಗೆಯ ನಡುವೆ ಜನ ಬ್ಯಾಗ್ ತೆಗೆಯುತ್ತಿದ್ದ ವಿಡಿಯೊ ನೋಡಿ ಅವತ್ತು ನಾನೂ ಬೈದುಕೊಂಡಿದ್ದೆ. 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಉರಿಯುತ್ತಿದ್ದ ವಿಮಾನದಿಂದ 379 ಜನರೂ ಹೊರಬಂದರು. ಅಲ್ಲಿ ಮಾತ್ರ ಜನ ಸಾಮಾನು ಬಿಟ್ಟು ಎದ್ದಿದ್ದರು.

ಸಂಜೆ ನಮ್ಮ ಚೀಲ ಬಂತು. ಕಾಶಿದಾರದ ಗಂಟು ಹಾಗೇ ಇತ್ತು. ಅಮ್ಮ ಅನ್ನಪೂರ್ಣೆಯನ್ನು ಸೆರಗಲ್ಲಿ ಒರೆಸಿ ಮತ್ತೆ ಒಳಗಿಟ್ಟಳು.

ರಾತ್ರಿ ಬೇರೆ ವಿಮಾನ ಬಂತು. ಸೀಟು ಅದೇ, 23ನೇ ಸಾಲು. ಅಮ್ಮ ಕೂರುವ ಮೊದಲು ಹಿಂದೆ ಮುಂದೆ ತಿರುಗಿ, ಬೆರಳು ಮಡಿಸುತ್ತಾ ನಿಂತಳು. ಹಿಂದಿನವರು ದಾರಿ ಕೇಳಿದರೂ ಸರಿಯಲಿಲ್ಲ.

"ಹಿಂದಿನ ಬಾಗಿಲಿಗೆ ಏಳು ಸಾಲು. ರೆಕ್ಕೆ ಹತ್ತಿರದ್ದಕ್ಕೆ ಹತ್ತು" ಅಂದಳು. "ನೀನೂ ಒಂದ್ಸಲ ಎಣಿಸೇ."

ಎದ್ದು ನಿಂತು ಎಣಿಸಿದೆ.