ವರ್ಷಕ್ಕೆ 1,44,000

ಹಾಸನ, 11 ಜುಲೈ 2025, ಶುಕ್ರವಾರ

ಬೆಳಗ್ಗೆಯಿಂದ ಜಡಿಮಳೆ. ಅಂಗಡಿಗೆ ಬಂದಿದ್ದು ಒಂದೇ ಮೋಟರ್, ಅದೂ ಮಿಕ್ಸಿದು. ಬೋರ್‌ವೆಲ್ ಮೋಟರ್ ಸುಡೋದೆಲ್ಲ ಬೇಸಿಗೆಯಲ್ಲಿ. ಮಾರ್ಚ್, ಏಪ್ರಿಲ್‌ನಲ್ಲಿ ಊಟಕ್ಕೂ ಪುರುಸೊತ್ತಿರಲ್ಲ, ಆಷಾಢದಲ್ಲಿ ನೊಣ ಹೊಡೆಯೋದೇ. ಹುಡುಗನಿಗೆ ಅಂಗಡಿ ಬಿಟ್ಟು ಬ್ಯಾಂಕಿಗೆ ಹೋದೆ.

ಗೃಹಸಾಲ ನೋಡೋ ಮೇಡಂ ಒಳ್ಳೆಯವರೇ. ಮೊದಲು ಸ್ಯಾಲರಿ ಸ್ಲಿಪ್ ಕೇಳಿದರು. ಸ್ವಂತ ಅಂಗಡಿ, ವೈಂಡಿಂಗ್ ಕೆಲಸ ಅಂದೆ. "ಹಾಗಾದ್ರೆ ಐಟಿಆರ್, ಅಂದ್ರೆ ಆದಾಯ ತೆರಿಗೆ ರಿಟರ್ನ್ ಕೊಡಿ." ಕೊಟ್ಟೆ. ನನ್ನ ಬೆರಳಿನ ವಾರ್ನಿಷ್ ಕಲೆ ಹಾಳೆ ಮೂಲೆಗೆ ಅಂಟಿತ್ತು. ಅದನ್ನು ಪಕ್ಕಕ್ಕೆ ಹಿಡಿದು, ಪೆನ್ಸಿಲ್‌ನಲ್ಲಿ 1,44,000ಕ್ಕೆ ಸುತ್ತು ಹಾಕಿದರು.

ವಹಿವಾಟು 18 ಲಕ್ಷ. ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 44ಎಡಿ ಪ್ರಕಾರ ನಗದು ವ್ಯಾಪಾರಕ್ಕೆ ಕನಿಷ್ಠ ಶೇಕಡಾ 8 ಲಾಭ ಅಂತ ತೋರಿಸಬೇಕು, ಅದೇ ಈ ಅಂಕಿ. ತಿಂಗಳಿಗೆ 12,000. ಅದರಲ್ಲಿ ಅರ್ಧ ಇಎಂಐಗೆ ಅಂತ ಹಿಡಿದರೆ 6,000. ಶೇಕಡಾ 8 ಬಡ್ಡಿ, 20 ವರ್ಷ ಅಂದರೆ ಲಕ್ಷಕ್ಕೆ ತಿಂಗಳಿಗೆ 836. "ಏಳು ಲಕ್ಷ ಬರಬಹುದು ನೋಡಿ." ನನಗೆ ಬೇಕಿದ್ದು 25. ಕಳೆದ ತಿಂಗಳು ರಿಸರ್ವ್ ಬ್ಯಾಂಕ್ ರೆಪೋ ದರ, ಅಂದರೆ ತಾನು ಬ್ಯಾಂಕುಗಳಿಗೆ ಕೊಡೋ ಸಾಲದ ಬಡ್ಡಿ, ಶೇಕಡಾ 5.5ಕ್ಕೆ ಇಳಿಸಿತು ಅಂತ ಪೇಪರ್‌ನಲ್ಲಿ ಓದಿ ಖುಷಿಪಟ್ಟಿದ್ದೇ ಬಂತು.

"ಮೇಡಂ, ಈಗ ಬಾಡಿಗೆನೇ 9,000 ಕಟ್ತಿದ್ದೀನಿ. ಒಂದು ತಿಂಗಳೂ ತಪ್ಪಿಸಿಲ್ಲ."

"ಅಗ್ರಿಮೆಂಟ್ ಇದೆಯಾ?"

ಇಲ್ಲ. ಓನರ್ ಕೈಗೆ ಕೊಡ್ತೀವಿ, ಅವರು ಎಣಿಸಿ ಕ್ಯಾಲೆಂಡರ್ ಮೇಲೆ ಟಿಕ್ ಹಾಕ್ತಾರೆ. ನಮ್ಮ ಗಿರಾಕಿಗಳೂ ಹಾಗೇ ಅಲ್ವಾ? ಶುಂಠಿ ದುಡ್ಡು ಬಂದ್ಮೇಲೆ ಕೊಡ್ತೀನಿ ಅಂತಾರೆ, ಕೊಟ್ಟೂ ಕೊಡ್ತಾರೆ. ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯೋದು?

ಆಚೆ ಬಂದು ಆಡಿಟರ್‌ಗೆ ಫೋನ್ ಮಾಡಿದೆ. "ಜಾಸ್ತಿ ತೋರಿಸಬೇಡಿ ಅಂತ ಯಾರೂ ಹೇಳಲ್ಲ. ಆದ್ರೆ ಬ್ಯಾಂಕ್‌ನವರು ಎರಡು ಮೂರು ವರ್ಷದ್ದು ನೋಡ್ತಾರೆ. ಈ ಸಲ ಒಂದೇ ಏಟಿಗೆ ಏರಿಸಿದ್ರೆ, ಸಾಲಕ್ಕೋಸ್ಕರ ಏರಿಸಿದ್ದಾರೆ ಅಂತಾರೆ." ಅಂದರೆ 2027ರ ತನಕ ಕಾಯಬೇಕು. ಅಷ್ಟರಲ್ಲಿ ಸೈಟ್ ಬೆಲೆ ಎಲ್ಲಿರುತ್ತೋ.

ಒಂದು ಮಾತು ಬಿಟ್ಟೆ. ಹೊರಡುವಾಗ ಮೇಡಂ, "ಮನೆಯವರು ಕೆಲಸಕ್ಕೆ ಹೋಗ್ತಾರಾ?" ಅಂದಿದ್ದರು. ಗಾರ್ಮೆಂಟ್ಸ್, 13,000, ಪಿಎಫ್ ಇದೆ ಅಂದೆ. ಮುಖ ಅರಳಿತು! ಅವರನ್ನೂ ಜಂಟಿ ಅರ್ಜಿದಾರರಾಗಿ ಸೇರಿಸಿದ್ರೆ 15ರ ಹತ್ತಿರ ಹೋಗಬಹುದಂತೆ. ನಾಲ್ಕು ಜನಕ್ಕೆ ಕೆಲಸ ಕಲಿಸಿದ ಅಂಗಡಿಗಿಂತ ಅವಳ ಒಂದು ಸ್ಲಿಪ್ಪಿಗೆ ಬೆಲೆ ಜಾಸ್ತಿ.

ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ಅವಳು ಸಾರು ಬಡಿಸ್ತಾ ಇದ್ದಳು. ಬೆನ್ನುನೋವು, ದೀಪಾವಳಿಗೆ ಕೆಲಸ ಬಿಡ್ತೀನಿ ಅಂತ ಯುಗಾದಿಯಿಂದ ಹೇಳ್ತಾ ಬಂದಿದ್ದಾಳೆ.

"ರೀ, 20 ವರ್ಷ ಅಂದ್ರಾ?"

ಹೂಂ ಅಂದೆ. ಮಧ್ಯದಲ್ಲಿ ಕಟ್ಟಿ ಮುಗಿಸಬಹುದು, ಏರಿಳಿಯೋ ಫ್ಲೋಟಿಂಗ್ ಬಡ್ಡಿ ಆದ್ರೆ ಅದಕ್ಕೆ ದಂಡ ಇಲ್ಲ ಅಂತೆಲ್ಲ ಹೇಳೋಕೆ ಹೋದೆ. ಅವಳ ಬೆನ್ನಿನ ಲೆಕ್ಕ ಅದರಲ್ಲಿ ಇರಲಿಲ್ಲ.